ತಾನಾಗಿ ಹೊಳೆದ ತಾಮ್ರ

ಕಳೆದ ತಿಂಗಳು ಮಗಳು ಅನಘ ಆಫೀಸಿನಿಂದ ಬರುವಾಗ ಒಂದು ತಾಮ್ರದ ಬಾಟಲಿ ತಂದಳು. ಅವಳು ಕೆಲಸ ಮಾಡುವ ಐಟಿ ಪಾರ್ಕಿನಲ್ಲಿ ಈಗ ಎಲ್ಲರ ಮೇಜಿನ ಮೇಲೂ ಅಂಥದೊಂದು ಇದೆಯಂತೆ. ರಾತ್ರಿ ನೀರು ತುಂಬಿಸಿಟ್ಟು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯಬೇಕಂತೆ. ಊಟದ ಮೇಜಿನ ಮೇಲೆ ಅದನ್ನು ಇಟ್ಟು, ಅವಳ ಅಭ್ಯಾಸದಂತೆ ಮಲಯಾಳದಲ್ಲಿ, "ಅಪ್ಪಾ, ನಾಳೆಯಿಂದ ನೀವೂ ಇದರಲ್ಲೇ ಕುಡಿಯಿರಿ" ಎಂದಳು. ನಮ್ಮವರು ಒಮ್ಮೆ ಬಾಟಲಿಯನ್ನು ನೋಡಿದರು. ಕಲಸಿದ ಅನ್ನವನ್ನು ಹಾಗೇ ಬಿಟ್ಟು, ಕೈ ತೊಳೆದು, ಹೊರಗೆ ವರಾಂಡಕ್ಕೆ ಹೋಗಿ ಕೂತರು.

"ನಾನೇನು ಮಾಡಿದೆ?" ಎಂದು ಅನಘ ನನ್ನನ್ನು ಕೇಳಿದಳು. ಅವಳು ಏನೂ ಮಾಡಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. "ಮೊದಲು ಅದನ್ನು ಇಲ್ಲಿಂದ ತೆಗೆ" ಎಂದೆ. ಅವಳು ತೆಗೆದಳು. ತಿರುವನಂತಪುರದ ಶ್ರೀಕಾರ್ಯದ ಈ ಮನೆಯಲ್ಲಿ ನಾವು ಮೂವರೂ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಅಜ್ಜಿ ತೀರಿಕೊಂಡ ವರ್ಷ ಅವಳಿಗೆ ಒಂದನೇ ತರಗತಿ. ಅಜ್ಜಿಯ ನೆನಪು ಅವಳಿಗೆ ಇದೆ, ಅಜ್ಜಿಯ ಕೊಡಪಾನದ ನೆನಪು ಇಲ್ಲ.

ನಾವು ಕಾಸರಗೋಡಿನವರು. ನಮ್ಮವರಿಗೆ ಆಗ ಕೊಚ್ಚಿಯ ಹೊರವಲಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬಣ್ಣಕ್ಕೆ ಬೇಕಾದ ಬಿಳಿ ಪುಡಿ ತಯಾರಿಸುವ ಕಾರ್ಖಾನೆ. ನಾನು ಎರ್ನಾಕುಳಂನಲ್ಲಿ ಒಬ್ಬ ವಕೀಲರ ಆಫೀಸಿಗೆ ಹೋಗುತ್ತಿದ್ದೆ. ನಮ್ಮೂರಿನ ಹಳೆಯ ಜಾಗದ ಕಾಗದಗಳೆಲ್ಲ ಕನ್ನಡದಲ್ಲಿರುವುದರಿಂದ, ಅಲ್ಲಿನ ವ್ಯಾಜ್ಯಗಳು ಹೈಕೋರ್ಟಿಗೆ ಬಂದಾಗ ಅವನ್ನು ಇಂಗ್ಲಿಷಿಗೆ ತರಲು ಒಬ್ಬರು ಬೇಕಾಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೆ ಬಂದರು. ಪೇಟೆಯ ಬಾಡಿಗೆ ಮನೆ ಸಾಲದಾಯಿತು. ಕಾರ್ಖಾನೆಯ ಬಳಿಯೇ, ಅಂಗಳ, ಬಾವಿ, ಎರಡು ತೆಂಗು ಇದ್ದ ಮನೆ ಸಿಕ್ಕಿತು. ವಿಷು ಹಬ್ಬಕ್ಕೆ ಮೊದಲು ಅಲ್ಲಿಗೆ ಹೋದೆವು. ಬಾವಿ ಕಂಡದ್ದೇ ಅತ್ತೆಗೆ ಜೀವ ಬಂದ ಹಾಗಾಯಿತು.

ಅತ್ತೆ ನಲ್ಲಿ ನೀರು ಕುಡಿಯುವವರಲ್ಲ. ನಲ್ಲಿಯೊಳಗೆ ಚರ್ಮದ ವಾಶರ್ ಇರುತ್ತದೆ ಎಂದು ಅವರು ಮದುವೆಯಾದ ಹೊಸದರಲ್ಲಿ ಯಾರೋ ಹೇಳಿದ್ದು ಅವರಿಗೆ ಶಾಸನ. ದೇವರಿಗೆ, ತಮ್ಮ ಅಡಿಗೆಗೆ, ಕುಡಿಯುವುದಕ್ಕೆ ತಾವೇ ಸೇದಿದ ಬಾವಿ ನೀರೇ ಆಗಬೇಕು. ಒಮ್ಮೆ ನಮ್ಮವರು ಸ್ಪ್ಯಾನರ್ ಹಿಡಿದು ಅಡಿಗೆಮನೆಯ ನಲ್ಲಿ ಬಿಚ್ಚಿ, ಒಳಗಿನ ಕಪ್ಪು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ನೋಡಮ್ಮ, ರಬ್ಬರ್. ಚರ್ಮ ಎಲ್ಲ ಈಗ ಇಲ್ಲ."

ಅತ್ತೆ ಬಗ್ಗಿ ನೋಡಿ, "ಇಲ್ಲಿ ರಬ್ಬರ್ ಸರಿ. ಅಲ್ಲಿಂದ ಇಲ್ಲಿವರೆಗೆ ಪೈಪು ಬರ್ತದಲ್ಲ, ದಾರಿಯಲ್ಲಿ ಎಂತ ಉಂಟು ಅಂತ ನೀನು ಕಂಡಿದ್ದೀಯಾ?" ಎಂದರು. ನಾನು ನಗು ತಡೆಯಲು ಒಳಗೆ ಹೋದೆ. ಆ ದಿನಗಳಲ್ಲಿ ನಾವು ಇದಕ್ಕೆಲ್ಲ ನಗುತ್ತಿದ್ದೆವು.

ನಲ್ಲಿ ನೀರನ್ನು ಕಾರ್ಖಾನೆಯವರು ತಮ್ಮ ನೌಕರರ ಮನೆಗಳಿಗೆ ಮಾತ್ರ ಬಿಡುತ್ತಿದ್ದರು. ಎಲ್ಲಿಂದಲೋ ದೂರದಿಂದ ಬರುವ ನೀರು. ನಾನು ಲೀಲಚೇಚಿ, ಎಂದರೆ ಲೀಲಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರಿಗೆ ಆ ಭಾಗ್ಯ ಇರಲಿಲ್ಲ. ಅವರ ಗಂಡ ಅದೇ ಸೀಮೆಯ ಯಾವುದೋ ಕಾರ್ಖಾನೆಯಲ್ಲಿ ಗುತ್ತಿಗೆಯ ಕೂಲಿಯಾಗಿದ್ದು, ಕೆಮ್ಮಿ ಕೆಮ್ಮಿ ಸತ್ತಿದ್ದರು. ಅವರ ಬಾವಿಯ ಮೇಲೆ ತಗಡು ಮುಚ್ಚಿ ಕಲ್ಲು ಹೇರಿತ್ತು. ದಿನಾ ಬೆಳಿಗ್ಗೆ ಅವರು ಎರಡು ಪ್ಲಾಸ್ಟಿಕ್ ಕೊಡ ಹಿಡಿದು ನಮ್ಮ ಅಂಗಳದ ನಲ್ಲಿಗೆ ಬರುತ್ತಿದ್ದರು. ಅದೇ ಹೊತ್ತಿಗೆ ಅತ್ತೆ ಒದ್ದೆ ಸೀರೆಯಲ್ಲಿ ನಮ್ಮ ಬಾವಿಯಿಂದ ನೀರು ಸೇದುತ್ತಿದ್ದರು. ಬಾವಿ ಮುಚ್ಚಿದವರಿಗೆ ನಲ್ಲಿ, ನಲ್ಲಿ ಇರುವವರಿಗೆ ಬಾವಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕನಿಕರ.

"ಅಮ್ಮೇ, ಆ ನೀರು ಕುಡಿಯಬೇಡಿ" ಎಂದು ಲೀಲಚೇಚಿ ಮೊದಲ ವಾರವೇ ಹೇಳಿದ್ದರು. "ಇಲ್ಲಿ ಬಾವಿ ನೀರು ಯಾರೂ ಮುಟ್ಟುವುದಿಲ್ಲ. ಅನ್ನ ಹಳದಿಯಾಗುತ್ತದೆ."

"ನಮ್ಮದು ಆಗಲಿಲ್ಲವಲ್ಲ ಲೀಲ" ಎಂದರು ಅತ್ತೆ ತಮ್ಮ ಕಾಸರಗೋಡಿನ ಮಲಯಾಳದಲ್ಲಿ. ನಿಜಕ್ಕೂ ನಮ್ಮ ಬಾವಿಯ ನೀರು ಕಣ್ಣಿಗೆ ತಿಳಿಯಾಗಿತ್ತು. ತಳದ ಕಲ್ಲು ಕಾಣುತ್ತಿತ್ತು. ಕಪ್ಪೆ, ಮೀನು, ಪಾಚಿ ಒಂದೂ ಇರಲಿಲ್ಲ. ಅದನ್ನು ನಾವು ಶುದ್ಧಿ ಎಂದುಕೊಂಡೆವು. ಬಾವಿಯಲ್ಲಿ ಒಂದು ಜೀವವೂ ಬದುಕದಿದ್ದರೆ ಏನರ್ಥ ಎಂದು ಆಮೇಲೆ ಹೊಳೆಯಿತು.

ಅತ್ತೆಯ ಬಳಿ ಒಂದು ತಾಮ್ರದ ಸಣ್ಣ ಕೊಡಪಾನ ಇತ್ತು. ಅವರ ಅಜ್ಜಿಯದು, ಆಮೇಲೆ ತಾಯಿಯದು, ಮದುವೆಯಲ್ಲಿ ಇವರಿಗೆ ಬಂದದ್ದು. ಸಂಜೆ ಬಾವಿ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬಿಸಿ, ಎರಡು ತುಳಸಿ ಎಲೆ ಹಾಕಿ, ದೇವರ ಮುಂದೆ ಇಡುವರು. ಬೆಳಿಗ್ಗೆ ಮೊದಲು ಬಾಯಿಗೆ ಹೋಗುವುದು ಆ ನೀರು. ಹಗಲಿಡೀ ಕುಡಿಯುವುದೂ ಅದೇ. ಊರಿನಲ್ಲಿದ್ದಾಗಿನಿಂದಲೂ ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ಕೊಡಪಾನವನ್ನು ತಿಕ್ಕುವುದು ಅವರಿಗೆ ಪೂಜೆಯಷ್ಟೇ ದೊಡ್ಡ ಕೆಲಸ. ಅದಕ್ಕೆಂದೇ ನಾನು ಆಫೀಸಿನ ಕೆಲಸದ ಮೇಲೆ ಮಟ್ಟಾಂಚೇರಿಗೆ ಹೋದಾಗಲೆಲ್ಲ ಅಲ್ಲಿನ ಹಳೆಯ ಮಳಿಗೆಗಳಿಂದ ಹುಣಸೆಹಣ್ಣು ಕಟ್ಟಿಸಿಕೊಂಡು, ದೋಣಿ ಹತ್ತಿ ಬರುತ್ತಿದ್ದೆ. ಚೀಲದಿಂದ ಬರುವ ಹುಳಿವಾಸನೆಗೆ ಪಕ್ಕದವರು ತಿರುಗಿ ನೋಡುತ್ತಿದ್ದರು.

ಮಳೆಗಾಲ ಹಿಡಿಯುವ ಮೊದಲಿನ ಒಂದು ಶುಕ್ರವಾರ ಅತ್ತೆ ನನ್ನನ್ನು ಕೂಗಿದರು.

"ಇಲ್ಲಿ ಬಾ ಮಾರಾಯ್ತಿ. ಇದನ್ನು ನೋಡು."

ಕೊಡಪಾನ ಒಳಗೂ ಹೊರಗೂ ಹೊಸ ಮದುಮಗಳ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಹುಳಿ ಮುಟ್ಟಿಸಲಿಲ್ಲ. ಬರೀ ನೀರಲ್ಲಿ ತೊಳೆದದ್ದು. ನಮ್ಮ ಊರಿನ ಬಾವಿಯಲ್ಲಿ ಸಹ ಹೀಗೆ ಆದದ್ದಿಲ್ಲ. ಇದು ಎಂಥ ನೀರು ಅಂತ ಗೊತ್ತಾಯಿತಲ್ಲ ನಿಮಗೆ? ಇನ್ನು ಹುಣಸೆಹಣ್ಣು ತರುದು ಬೇಡ."

ನಾನು ಸಂತೋಷಪಟ್ಟೆ. ಒಂದು ಹೊರೆ ಕಡಿಮೆಯಾಯಿತಲ್ಲ ಎಂದು. ನಮ್ಮವರೂ ಮುಟ್ಟಿ ನೋಡಿ, "ಕನ್ನಡಿ ಆಗಿದೆಯಲ್ಲಮ್ಮ" ಎಂದರು. ನಮ್ಮಂಥ ಮನೆಗಳಲ್ಲಿ ಹೊಳೆಯುವ ತಾಮ್ರಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ದೇವರ ಪಾತ್ರೆ ಹೊಳೆದರೆ ಮನೆ ಶುದ್ಧ, ಹೆಂಗಸು ಶುದ್ಧ, ನೀರು ಶುದ್ಧ. ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಲೀಲಚೇಚಿಗೂ ತೋರಿಸಿದರು. "ಹಾಳಾದ ನೀರಿನಲ್ಲಿ ಹೀಗೆ ಆಗ್ತದಾ ಲೀಲ?" ಲೀಲಚೇಚಿ ಕೊಡಪಾನವನ್ನೂ ಅತ್ತೆಯ ಮುಖವನ್ನೂ ನೋಡಿ, ತಮ್ಮ ಕೊಡಗಳನ್ನು ಎತ್ತಿಕೊಂಡು ಹೋದರು.

ಹುಣಸೆಯ ಹುಳಿ ತಾಮ್ರವನ್ನು ಹೊಳೆಯಿಸುತ್ತದೆ ಎಂಬುದು ಅತ್ತೆಗೆ ಗೊತ್ತು, ನನಗೆ ಗೊತ್ತು, ನಮ್ಮವರಿಗೂ ಗೊತ್ತು. ಹುಣಸೆ ಇಲ್ಲದೆ ಹೊಳೆದರೆ ಹುಳಿ ಎಲ್ಲಿಂದ ಬಂತು ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ. ನೀರಿಗೆ ಒಂದು ಚೂರು ಹುಳಿರುಚಿ ಇತ್ತು. "ಎಳನೀರಿನ ಹಾಗೆ" ಎಂದು ಅತ್ತೆ ಮೆಚ್ಚಿಕೊಂಡೇ ಕುಡಿಯುತ್ತಿದ್ದರು. ನಾವು ಮೂವರು ಫಿಲ್ಟರಿಗೆ ಹಾಕಿದ ನಲ್ಲಿ ನೀರು ಕುಡಿಯುತ್ತಿದ್ದೆವು. ಬೆಳಿಗ್ಗೆ ಆತುರದಲ್ಲಿ ಸೇದಲು ಯಾರಿಗೆ ಪುರುಸೊತ್ತು? ನಮ್ಮನ್ನು ಉಳಿಸಿದ್ದು ನಮ್ಮ ಸೋಮಾರಿತನ.

ಆ ವರ್ಷದ ಮಳೆ ನನಗೆ ಇಂದಿಗೂ ಮೂಗಿನಲ್ಲಿದೆ. ಮಳೆಗೆ ಮಣ್ಣಿನ ವಾಸನೆ ಬರಬೇಕು. ಅಲ್ಲಿ ಕೊಳೆತ ಮೊಟ್ಟೆಯದು, ಇಲ್ಲವೇ ಕಣ್ಣು ಉರಿಸುವ ಯಾವುದೋ ಔಷಧದ್ದು ಬರುತ್ತಿತ್ತು. ಅನಘ ಮತ್ತು ಅವಳ ಶಾಲೆಯ ಮಕ್ಕಳು ಮೂಗು ಮೇಲೆತ್ತಿ, ಇದು ಯಾವ ಕಾರ್ಖಾನೆಯ ಗೇಟಿನದು ಎಂದು ಪಂತ ಕಟ್ಟಿ ಹೇಳುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು. ಜೋರು ಮಳೆ ಬಂದ ದಿನವೇ ಕಾರ್ಖಾನೆಗಳು ಒಳಗೆ ಕಟ್ಟಿಟ್ಟದ್ದನ್ನು ಬದಿಯ ಸಣ್ಣ ಹಳ್ಳಕ್ಕೆ, ತೋಡಿಗೆ, ಬಿಡುವುದು ಎಂದು ಊರಿಗೆಲ್ಲ ಗೊತ್ತಿತ್ತು. ಮಳೆ ತೊಳೆದುಕೊಂಡು ಹೋಗುತ್ತದೆ ಎಂಬ ಧೈರ್ಯ. ತೋಡು ಒಂದು ದಿನ ಇಟ್ಟಿಗೆ ಕೆಂಪು, ಇನ್ನೊಂದು ದಿನ ಮಜ್ಜಿಗೆ ಬಿಳಿ. ಅದು ಹೋಗಿ ಸೇರುವ ಹೊಳೆಯಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬರುತ್ತಿದ್ದವು. ಕೆಲವರು ಜೀವ ಇದ್ದವನ್ನು ಹೆಕ್ಕಿ ಬೇರೆ ಪೇಟೆಗೆ ಒಯ್ದು ಮಾರುತ್ತಿದ್ದರು.

ಕರ್ಕಾಟಕ ಮಾಸದ ಅಮಾವಾಸ್ಯೆಯ ದಿನ ಲೀಲಚೇಚಿ ಸತ್ತ ಗಂಡನಿಗೆ ಬಲಿ, ಎಂದರೆ ಪಿಂಡ, ಹಾಕಲು ಹೊಳೆಗೆ ಹೋದರು. ಹೊಳೆಯಲ್ಲಿ ಮುಳುಗದೆ ಬಲಿ ಇಲ್ಲವಲ್ಲ. ಮರಳಿ ಬಂದಾಗ ಕೈಕಾಲು ಕೆಂಪೇರಿ, ಮೈ ಪರಚಿಕೊಳ್ಳುತ್ತ ನೇರ ನಮ್ಮ ನಲ್ಲಿಯ ಕೆಳಗೆ ಬಂದು ಕೂತರು. ನಾನು ಬಕೆಟ್ಟಿನಿಂದ ಅವರ ತಲೆಯ ಮೇಲೆ ನೀರು ಹೊಯ್ದೆ. "ಕೊಂದದ್ದೂ ಅವರೇ, ಬಲಿ ಹಾಕಲು ಬಿಡದವರೂ ಅವರೇ" ಎಂದರು ಲೀಲಚೇಚಿ. ಅಳಲಿಲ್ಲ. ಜಗಲಿಯಲ್ಲಿ ನಿಂತಿದ್ದ ನಮ್ಮವರು ಆ ಮಾತು ಕೇಳಿ ಒಳಗೆ ಹೋದರು. ಕಾರ್ಖಾನೆಯ ಆ 'ಅವರು' ಕೊಡುವ ಸಂಬಳದಿಂದಲೇ ನಮ್ಮ ಮನೆಯ ಅನ್ನ.

ಓಣಂ ಬರುವ ಹೊತ್ತಿಗೆ ಅತ್ತೆ ಮೆತ್ತಗಾದರು. ಬೆಳಿಗ್ಗೆ ಎದ್ದು ನೀರು ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ ವಾಂತಿ. ಅದನ್ನು ಅವರು ಪಿತ್ತ ಎಂದರು. ಪಿತ್ತಕ್ಕೆ ಔಷಧ ಏನು? ಇನ್ನೂ ಎರಡು ಲೋಟ ತಾಮ್ರದ ನೀರು. ಪೇಟೆಯ ಡಾಕ್ಟರು ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಕಾಲು ಊದಿತು. ಅನ್ನ ಸೇರದಾಯಿತು. ಆದರೂ ಗೋಡೆ ಹಿಡಿದುಕೊಂಡು ಬಾವಿಕಟ್ಟೆಗೆ ಹೋಗುವುದು ಬಿಡಲಿಲ್ಲ. ಒಂದು ದಿನ ಹಗ್ಗ ಹಿಡಿದು ಅಲ್ಲೇ ಕುಸಿದರು. ನಾನು ಓಡಿ ಹೋಗಿ ಹಿಡಿದಾಗ, "ಕೊಡಪಾನ ನೆಗ್ಗಿತಾ ನೋಡು" ಎಂದರು.

ನನ್ನ ತಮ್ಮ ರವಿ ಆಗ ತಿರುವನಂತಪುರದ ಸೆಕ್ರೆಟೇರಿಯೆಟ್ಟಿನಲ್ಲಿ ಇದ್ದ. ಅವನ ಒತ್ತಾಯಕ್ಕೆ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಉಳ್ಳೂರಿನ ಹತ್ತಿರ ಒಂದು ಆಸ್ಪತ್ರೆಗೆ ಸೇರಿಸಿದೆವು. ಮೂತ್ರಪಿಂಡ ಸೋತಿದೆ, ಯಕೃತ್ತೂ ಸರಿಯಿಲ್ಲ ಎಂದರು. ಮೊದಲ ವಾರ ಬಾಯಿಗೆ ಏನೂ ಇಲ್ಲ, ಬರೀ ಡ್ರಿಪ್. ವಾಂತಿ ನಿಂತಿತು. ಕಣ್ಣಿನಲ್ಲಿ ಬೆಳಕು ಬಂತು. ಪಕ್ಕದ ಹಾಸಿಗೆಯ ಹೆಂಗಸಿನ ಸೊಸೆಯನ್ನು ಬಯ್ಯುವಷ್ಟು ಚೇತರಿಸಿಕೊಂಡರು. ಡಾಕ್ಟರು, ಇನ್ನು ಸ್ವಲ್ಪ ಸ್ವಲ್ಪ ನೀರು ಕೊಡಬಹುದು ಎಂದರು.

ಅಲ್ಲಿ ಶುರುವಾಯಿತು. ಆಸ್ಪತ್ರೆಯಲ್ಲಿ ನಲ್ಲಿ. ರವಿ ಇದ್ದದ್ದು ಮೂರನೇ ಮಾಳಿಗೆಯ ಸರ್ಕಾರಿ ಕ್ವಾರ್ಟರ್ಸು, ಅಲ್ಲಿಯೂ ನಲ್ಲಿ. ಅಂಗಡಿಯ ಬಾಟಲಿ ನೀರನ್ನು ಯಾರು ಮುಟ್ಟಿ ತುಂಬಿಸಿದ್ದೋ. ಅತ್ತೆ ಬಾಯಿ ಮುಚ್ಚಿಕೊಂಡು ಮಲಗಿಬಿಟ್ಟರು.

"ಸಾಯುದಾದರೆ ಸಾಯ್ತೇನೆ ಶಂಕರ. ಈ ವಯಸ್ಸಿನಲ್ಲಿ ಮೈಲಿಗೆ ನೀರು ನನಗೆ ಬೇಡ. ನಮ್ಮ ಬಾವಿಯದ್ದು ಒಂದು ತಂಬಿಗೆ ತಂದು ಕೊಡು, ಎದ್ದು ಕೂತುಕೊಳ್ತೇನೆ."

ನಮ್ಮವರು ಅಮ್ಮನ ಮಾತಿಗೆ ಎಂದೂ ಎದುರಾಡಿದವರಲ್ಲ. ನಾನೂ ಅನಘಳೂ ರವಿಯ ಮನೆಯಲ್ಲಿ ಉಳಿದೆವು. ಅವರ ರಜೆ ಮುಗಿದಿತ್ತು, ವಾರವಿಡೀ ಕೊಚ್ಚಿಯಲ್ಲಿ ದುಡಿದು ಶನಿವಾರ ರೈಲು ಹತ್ತುತ್ತಿದ್ದರು. ಒಂದು ಕೈಯಲ್ಲಿ ಬಾವಿ ನೀರಿನ ಬಿಳಿ ಕ್ಯಾನ್. ಮೊದಲ ಸಲ ಬಂದಾಗ ಕೊಡಪಾನವನ್ನೂ ತಂದರು, ಅದಿಲ್ಲದೆ ಅತ್ತೆಗೆ ನೀರು ನೀರಲ್ಲವಲ್ಲ. ಶಬರಿಮಲೆಯ ಕಾಲ ಬಂತು. ರೈಲಿನ ತುಂಬ ಕಪ್ಪು ಬಟ್ಟೆಯ ಸ್ವಾಮಿಗಳು. ಕ್ಯಾನನ್ನು ಕಾಲಿನ ನಡುವೆ ಇಟ್ಟುಕೊಂಡು ನಿಂತಿದ್ದ ಇವರನ್ನು ಒಬ್ಬ ಮುದುಕ ಸ್ವಾಮಿ ಕೇಳಿದನಂತೆ, ಇದೇನೆಂದು. "ಅಮ್ಮನಿಗೆ ನೀರು" ಎಂದರಂತೆ. ಆ ಸ್ವಾಮಿ ಎದ್ದು ಇವರಿಗೆ ಸೀಟು ಕೊಟ್ಟನಂತೆ. ಇದನ್ನು ನಮ್ಮವರು ಬಹಳ ಹೆಮ್ಮೆಯಿಂದ ನನಗೆ ಹೇಳಿದ್ದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ವಾಂತಿ ಮರುಕಳಿಸಿತು. ರೋಗದ್ದೇ ಇರಬೇಕು ಎಂದುಕೊಂಡೆವು. ಅತ್ತೆ ಮಾತ್ರ ನೀರು ಬಂದದ್ದಕ್ಕೆ ಸಮಾಧಾನದಲ್ಲಿದ್ದರು.

ಒಂದು ಬೆಳಿಗ್ಗೆ ಡ್ಯೂಟಿಯ ಡಾಕ್ಟರು, ಚಿಕ್ಕ ವಯಸ್ಸಿನವಳು, ಅತ್ತೆಯ ನಾಡಿ ಹಿಡಿದವಳು ಪಕ್ಕದ ಸಣ್ಣ ಮೇಜನ್ನೇ ನೋಡುತ್ತ ನಿಂತಳು. ಕೊಡಪಾನದ ತಳದ ಬೆಸುಗೆಯಿಂದ ನೀರು ಜಿನುಗಿ, ಕೆಳಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ತಟ್ಟೆಯಗಲದ ಕಲೆಯಾಗಿತ್ತು. ನವಿಲುಗರಿಯ ನೀಲಿ ಹಸಿರು. ಚಂದದ ಬಣ್ಣ. ನಾನು ಅದನ್ನು ದಿನಾ ನೋಡಿದ್ದೆ, ತುಳಸಿಯದೆಂದು ಒಗೆದು ಮತ್ತೆ ಹಾಸಿದ್ದೆ.

"ಈ ನೀರು ಎಲ್ಲಿಂದ?" ಎಂದು ಅವಳು ಮಲಯಾಳದಲ್ಲಿ ಕೇಳಿದಳು.

ನಾನು ಕಾರ್ಖಾನೆಗಳ ಆ ಊರಿನ ಹೆಸರು ಹೇಳಿದೆ. ಅವಳು ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋದಳು. ಆಮೇಲೆ ಪರೀಕ್ಷೆಗೆ ಕಳಿಸಿದರು, ಉತ್ತರವೂ ಬಂತು. ನೀರಿನಲ್ಲಿ ಆಮ್ಲ. ಪಾತ್ರೆಯ ತಾಮ್ರ ಕರಗಿ ಅದರಲ್ಲಿ ಸೇರಿದೆ. ಬಾವಿಯದೇ ಬೇರೆ ಲೋಹಗಳೂ ಇವೆ. "ಎಲ್ಲ ಇದರಿಂದಲೇ ಅಂತ ಹೇಳಲು ಆಗುವುದಿಲ್ಲ, ವಯಸ್ಸೂ ಆಗಿದೆ" ಎಂದರು ದೊಡ್ಡ ಡಾಕ್ಟರು. ಆ ವಾಕ್ಯದ ಪರಿಚಯ ನನಗೆ ಇತ್ತು. ಕೋರ್ಟಿನ ಕಾಗದಗಳಲ್ಲಿ ಇಂಥ ವಾಕ್ಯ ಎಷ್ಟು ಕಂಡಿಲ್ಲ. ಅದು ಬಿದ್ದ ಮೇಲೆ ಯಾರ ಮೇಲೂ ತಪ್ಪು ನಿಲ್ಲುವುದಿಲ್ಲ. ಮೂರು ತಲೆಮಾರು ಬಾಳಿದ ಪಾತ್ರೆಯ ತಳ ಒಂದು ಮಳೆಗಾಲದಲ್ಲಿ ಸವೆದು ತೂತಾಗಿತ್ತು. ಸವೆದದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ನನಗೆ ಸಾಕ್ಷಿ ಬೇಕಿರಲಿಲ್ಲ.

ಆ ಶನಿವಾರವೂ ನಮ್ಮವರು ಕ್ಯಾನ್ ಹೊತ್ತುಕೊಂಡೇ ಬಂದರು. ಮೆಟ್ಟಿಲಿನ ಹತ್ತಿರ ತಡೆದು ಹೇಳಿದೆ. ಪೂರ್ತಿ ಕೇಳಿದರು. ಕೈತೊಳೆಯುವ ಬೇಸಿನ್ನಿಗೆ ಹೋಗಿ ಕ್ಯಾನನ್ನು ಬೋರಲು ಹಾಕಿ, ಕೊನೆಯ ಹನಿಯವರೆಗೆ ಹಿಡಿದುಕೊಂಡು ನಿಂತರು.

"ನಾನೇ ಹೊತ್ತು ತಂದೆನಲ್ಲ" ಎಂದರು. ಅಷ್ಟೇ. ನಾನು ಖಾಲಿ ಕ್ಯಾನನ್ನು ಅವರ ಕೈಯಿಂದ ತೆಗೆದುಕೊಂಡೆ. ಏನು ಹೇಳಿದರೂ ಅದು ಸುಳ್ಳಾಗುತ್ತಿತ್ತು.

ಅತ್ತೆಗೆ ಹೇಳಬೇಕು ಎಂಬುದು ನನ್ನ ವಾದ. ಬಾವಿ ಕೆಟ್ಟಿದೆ, ಕೆಡಿಸಿದವರು ಇಂಥವರು ಎಂದು ಅವರಿಗೆ ತಿಳಿಯಲಿ, ಬಯ್ದು ಶಾಪ ಹಾಕಿಯಾದರೂ ಹೋಗಲಿ. ನಮ್ಮವರು ಒಪ್ಪಲಿಲ್ಲ. "ಹೇಳಬೇಡ. ಅವಳು ಜನ್ಮವಿಡೀ ಕಾಪಾಡಿಕೊಂಡು ಬಂದದ್ದು ಅದೊಂದನ್ನೇ. ಅದೇ ಕೊಲ್ತಾ ಉಂಟು ಅಂತ ಹೇಗೆ ಹೇಳುದು?" ಎಂದರು. ನಾನು ಪಟ್ಟು ಬಿಟ್ಟೆ. ಡಾಕ್ಟರು ಹೆಚ್ಚು ದಿನ ಇಲ್ಲ ಎಂದಾಗಿತ್ತು.

ಮರುದಿನ ಬೆಳಗಿನ ಹೊತ್ತು. ಅತ್ತೆಗೆ ಉಸಿರು ಕಟ್ಟುತ್ತಿತ್ತು, ಆದರೆ ಎಚ್ಚರವಿತ್ತು. ನೀರು ಕೇಳಿದರು. ನಮ್ಮವರು ಸ್ಟೀಲಿನ ಲೋಟ ಹಿಡಿದು ವಾರ್ಡಿನ ಮೂಲೆಯ ನಲ್ಲಿಗೆ ಹೋದರು. ಅದನ್ನು ತಿರುಗಿಸಿ, ಸ್ವಲ್ಪ ನೀರು ಹರಿಯಬಿಟ್ಟು, ಲೋಟ ತುಂಬಿಸಿದರು. ಬಾಲ್ಯದಿಂದ ಅಮ್ಮನಿಗೆ ಒಂದು ತೊಟ್ಟು ನಲ್ಲಿ ನೀರು ಕೊಟ್ಟವರಲ್ಲ. ತುಳಸಿ ಎಲೆ ಹಾಕಿ ತಂದು ಹಾಸಿಗೆಯ ಬದಿಯಲ್ಲಿ ಕೂತರು.

"ಕೊಡಪಾನ ಎಲ್ಲಿ?" ಎಂದರು ಅತ್ತೆ.

"ತಳ ಸೋರ್ತದೆ ಅಮ್ಮ. ಬೆಸುಗೆಗೆ ಕೊಟ್ಟಿದ್ದೇನೆ."

"ಬಾವಿದಾ ನೀರು?"

"ಹೌದು, ಬಾವಿದೇ."

ಚಮಚದಿಂದ ಬಾಯಿಗೆ ಬಿಟ್ಟರು. ಅತ್ತೆ ನುಂಗಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ತೆರೆದು ಮಗನ ಮುಖವನ್ನು ನೋಡಿದರು. ನಾನು ಸೆರಗಿನ ತುದಿ ಹಿಡಿದು ನಿಂತಿದ್ದೆ, ಈಗ ಉಗಿಯುತ್ತಾರೆ ಎಂದು. ಅವರು ನಿಧಾನಕ್ಕೆ ನುಂಗಿದರು.

"ಇದಕ್ಕೆ ಹುಳಿ ಇಲ್ಲ ಶಂಕರ" ಎಂದರು.

ನಮ್ಮವರು ತಲೆ ತಗ್ಗಿಸಿದರು. ಚಮಚ ಕೈಯಲ್ಲೇ ಉಳಿಯಿತು.

"ಅಡ್ಡಿಲ್ಲ. ಇನ್ನೊಂದು ಕೊಡು" ಎಂದು ಅತ್ತೆ ಬಾಯಿ ತೆರೆದರು.